ಬಾಗಲಾ ಯಾಕ ತಗೀಲಿಲ್ರೀ ಸರ?

ನಾಲ್ಕನೇ ಇಯತ್ತೆಗೆ ಕನಕದಾಸರ ಕತೆ ಹೇಳುತ್ತಿದ್ದೆ. ಬ್ಯಾಡಗಿ ತಾಲ್ಲೂಕಿನ ಹಳ್ಳಿ. ಕಾಗಿನೆಲೆ ನಮ್ಮ ತಾಲ್ಲೂಕಿನದೇ, ಕನಕ ಹುಟ್ಟಿದ ಬಾಡವೂ ನಮ್ಮ ಹಾವೇರಿ ಜಿಲ್ಲೆಯದೇ. ಉಡುಪಿಯಲ್ಲಿ ಅವನನ್ನು ಗುಡಿಯೊಳಗೆ ಬಿಡಲಿಲ್ಲ, ಹಿಂದೆ ನಿಂತು ಹಾಡಿದ, ಗೋಡೆ ಬಿರಿಯಿತು, ಕೃಷ್ಣ ತಿರುಗಿ ನಿಂತ ಎಂದೆ. ಎಲ್ಲರೂ ಹೇಳುವ ಹಾಗೇ ಹೇಳಿದೆ. ಕೇರಿಯಿಂದ ಬರುವ ಹುಡುಗಿಯೊಬ್ಬಳು ಎದ್ದಳು.

"ಸರ, ದೇವರು ಗ್ವಾಡಿ ಒಡಿಯೂದಕ್ಕಿಂತ ಬಾಗಲಾ ತಗದಿದ್ರ ಆಗ್ತಿತ್ತಲ್ರೀ. ಯಾಕ ತಗೀಲಿಲ್ಲ?"

ಹಿಂದೆ ಕುರ್ಚಿಯಲ್ಲಿ ಶಾಲೆ ನೋಡಲು ಬಂದ ಸಾಹೇಬರು ಕೂತಿದ್ದರು. "ಪಾಠದಾಗ ಇದ್ದಷ್ಟ ಕೇಳು, ಕುಂದರು" ಎಂದೆ.

ಗೆಳೆಯರೇ, ಈ ಮಾತು ಬಂದದ್ದು ನನ್ನ ಬಾಯಿಂದ. ರಾಣೇಬೆನ್ನೂರು ಕಡೆಯ ಶಾಲೆಯೊಂದರಲ್ಲಿ, ನೀರಿನ ಹರಿವಿ ನಾವ್ಯಾಕ ಮುಟ್ಟಬಾರದು ಎಂದು ಕೇಳಿ ಛಡಿ ಏಟು ತಿಂದವನು ನಾನು. ಸಾತಾರೆಯ ಶಾಲೆಯಲ್ಲಿ ಬಾಬಾಸಾಹೇಬರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂತದ್ದನ್ನು, ಜವಾನ ಇಲ್ಲದ ದಿನ ನೀರಿಲ್ಲದೆ ಇದ್ದದ್ದನ್ನು ಎಷ್ಟೋ ಸಭೆಗಳಲ್ಲಿ ಗಂಟಲು ಹರಿಯುವಂತೆ ಹೇಳಿದವನೂ ನಾನೇ.

ಹಾವೇರಿಯಲ್ಲಿ ನಮಗೆ ತರಬೇತಿ ಆಗಿತ್ತು. ಸೃಜನಶೀಲತೆ, ವಿಮರ್ಶೆ ಎಂಬ ದೊಡ್ಡ ಮಾತು. ಬಣ್ಣದ ಹಾಳೆ, ಕತ್ತರಿ, ಗೋಂದು. ಹಳಿಯುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಮಕ್ಕಳನ್ನು ಗುಂಪಾಗಿ ಕೂರಿಸಿ ಮಾತಾಡಲು ಬಿಟ್ಟಿತು, ಅದು ಸಣ್ಣ ಕೆಲಸವಲ್ಲ. ಮಗುವಿನ ಅಂಜಿಕೆ ಬಿಡಿಸಬೇಕು, ತನ್ನ ಅಭಿಪ್ರಾಯ ಹೇಳಲು ನೆರವಾಗಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮಿನಲ್ಲೇ ಇದೆ. ಆ ದಿನ ಅಂಜಿದವನು ಮಾಸ್ತರ. ಅವನಿಗೆ ಯಾವ ಕಲಮೂ ಇಲ್ಲ.

ಸಾಹೇಬರು ಹೋದ ಮೇಲೆ ಕನಕನನ್ನೇ ಮತ್ತೆ ತಂದೆ. ಅವನ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿ, ರಾಗಿ ಜಗಳಾಡುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅಕ್ಕಿ ಕೆಡುತ್ತದೆ, ರಾಗಿ ಗಟ್ಟಿ ಉಳಿಯುತ್ತದೆ. "ನಮ್ಮೂರ ಬೆಳಿ ಜಗಳಾ ಮಾಡಿದ್ರ ಏನಂತಾವು?" ಎಂದೆ. ಜೋಳ ಎದ್ದಿತು, ಹತ್ತಿ ಎದ್ದಿತು, ಗೋವಿನಜೋಳ ಎಲ್ಲರಿಗಿಂತ ಜೋರು ಒದರಿತು. ಒಬ್ಬ ಹುಡುಗ ಮೆಣಸಿನಕಾಯಿಯಾಗಿ ಎದೆಯುಬ್ಬಿಸಿದ: "ನನ್ನ ಬಣ್ಣಾ ನೋಡಿ ಎಲ್ಲೆಲ್ಲಿಂದೋ ಸಾವ್ಕಾರ್ರು ಬ್ಯಾಡಗಿಗೆ ಬರ್ತಾರ." ಖರೆ ಮಾತು. ನಮ್ಮ ಕಡ್ಡಿ, ಡಬ್ಬಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಬಣ್ಣ ತೆಗೆಯುವ ಕಾರ್ಖಾನೆಗಳಿಗೂ ಹೋಗುತ್ತದೆ.

ಆ ಹುಡುಗಿ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಕೂತಲ್ಲಿಂದಲೇ ಅಂದಳು:

"ನಿನ್ನ ತೊಟ್ಟು ಬಿಡಿಸಿ ನಮ್ಮವ್ವನ ಕೈ ಉರೀತಾವು. ರಾತ್ರಿ ರೊಟ್ಟಿ ಬಡಿಯಾಕ ಆಗೂದಿಲ್ಲ. ಕಿಲೋಕ್ಕ ಎಷ್ಟ್ ಕೊಡ್ತಾರ ಹೇಳು."

ಹುಡುಗನಿಗೆ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿಕೊಂಡು ಬಂದ. ಮರುದಿನದ ಗಣಿತವೇ ಅದಾಯಿತು: ಕ್ವಿಂಟಲ್ಲಿಗೆ ಪ್ಯಾಟಿ ಧಾರಣೆ ಎಷ್ಟು, ಅದರಲ್ಲಿ ಕೈ ಉರಿದದ್ದಕ್ಕೆ ಎಷ್ಟು. ಭಾಗಾಕಾರ ಅಂದರೆ ಓಡುತ್ತಿದ್ದವರೆಲ್ಲ ಹಲಗೆಯ ಮುಂದೆ ಮುಗಿಬಿದ್ದರು.

ಮೂರನೇ ದಿನ ಹುಡುಗನ ಅಪ್ಪ ಶಾಲೆಗೆ ಬಂದರು. ಬೈಯಲಿಲ್ಲ. "ಲೆಕ್ಕಾ ಕಲಸ್ರಿ ಮಾಸ್ತರ. ನಮ್ಮ ಮನಿ ಲೆಕ್ಕಾ ತಗೀಬ್ಯಾಡ್ರಿ" ಎಂದರು. ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಈಗ ಸುಗ್ಗಿ. ಹುಡುಗಿ ಅವ್ವನ ಕೂಡ ತೊಟ್ಟು ಬಿಡಿಸಲು ಹೋಗುತ್ತಿದ್ದಾಳೆ. ಹಾಜರಿ ಪುಸ್ತಕದಲ್ಲಿ ಒಂಬತ್ತು ದಿನದಿಂದ ಗೈರು. ಬಾಗಿಲಿನ ಪ್ರಶ್ನೆಗೆ ನಾನಿನ್ನೂ ಉತ್ತರ ಹೇಳಿಲ್ಲ. ಈ ಭಾನುವಾರ ಅವರ ಮನೆಗೆ ಹೋಗಬೇಕು.