ಕೆಲಸವಿಲ್ಲದೆ ಬರುವ ತೀರ್ಪುಗಾರರು

ಊರಿನ ಉತ್ತರ ದಿಕ್ಕು

ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ ಇಳಿದು ಯಲಹಂಕದ ಕಡೆ ಹೊರಟರೆ ಉನ್ನತ ಶಿಕ್ಷಣವೆಲ್ಲ ಇಲ್ಲೇ ಬಂದು ಬೀಡುಬಿಟ್ಟಂತಿದೆ. 1964ರಲ್ಲಿ ಹುಟ್ಟಿ ಈಗ ಜಿಕೆವಿಕೆಯಲ್ಲಿರುವ ಕೃಷಿ ವಿಶ್ವವಿದ್ಯಾಲಯ. ಮುಂದೆ ಕಟ್ಟಿಗೇನಹಳ್ಳಿಯ ರೇವಾ, ರಾಜಾನುಕುಂಟೆ ಬಳಿಯ ಪ್ರೆಸಿಡೆನ್ಸಿ, ಗೊಲ್ಲಹಳ್ಳಿಯ ನಿಟ್ಟೆ ಮೀನಾಕ್ಷಿ, ಅವಲಹಳ್ಳಿಯ ಬಿಎಂಎಸ್. ಇತ್ತ ಯಶವಂತಪುರದ ಮಗ್ಗುಲಿಗೆ 1909ರ ಭಾರತೀಯ ವಿಜ್ಞಾನ ಸಂಸ್ಥೆ, ನ್ಯೂ ಬಿಇಎಲ್ ರಸ್ತೆಯಲ್ಲಿ ರಾಮಯ್ಯ. ವಿನ್ಯಾಸ ಕಲಿಸುವವರೂ ಇಲ್ಲೇ ಇದ್ದಾರೆ. ಯಲಹಂಕ ಉಪನಗರದಲ್ಲಿ 1996ರ ಸೃಷ್ಟಿ. ತುಮಕೂರು ರಸ್ತೆಯ ಪಕ್ಕ, ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ ಎನ್‌ಐಡಿಯ ಬೆಂಗಳೂರು ಕ್ಯಾಂಪಸ್. ಇನ್ಫರ್ಮೇಷನ್ ಡಿಸೈನ್, ಇಂಟರಾಕ್ಷನ್ ಡಿಸೈನ್ ಎಂಬುವು ಅಲ್ಲಿ ಸ್ನಾತಕೋತ್ತರ ಪದವಿಯ ವಿಷಯಗಳು.

ಅಂದರೆ ವೆಬ್‌ಸೈಟ್ ಇಟ್ಟುಕೊಂಡವರೂ ಇಲ್ಲಿದ್ದಾರೆ, ಅದನ್ನು ಅಳೆಯಬಲ್ಲವರೂ ಇಲ್ಲೇ ಇದ್ದಾರೆ. ಆದರೂ ಜೂನ್ ಬಂತೆಂದರೆ ಶುಲ್ಕ ಎಷ್ಟು ಎಂದು ತಿಳಿಯಲು ಅಪ್ಪ ಅಮ್ಮಂದಿರು ಬಸ್ ಹತ್ತಿ ಕಾಲೇಜಿನ ಗೇಟಿಗೇ ಹೋಗುತ್ತಾರೆ. ನನ್ನ ಗೊಂದಲ ಇಲ್ಲಿಂದ ಶುರು.

ಯಾವುದಕ್ಕೆ ಎಷ್ಟು ಅಂಕ

ವೆಬ್‌ಸೈಟ್‌ಗಳಿಗೆ ಪರಿಣತರಿಂದ ಅಂಕ ಹಾಕಿಸಿ ಬಹುಮಾನ ಕೊಡುವ ಪದ್ಧತಿ ಹೊಸದಲ್ಲ. ಅಮೆರಿಕದ ವೆಬ್ಬಿ ಪ್ರಶಸ್ತಿ 1996ರಿಂದ ಇದೆ. ಶಾಲೆ ಮತ್ತು ವಿಶ್ವವಿದ್ಯಾಲಯಗಳಿಗೆಂದೇ ಅದರಲ್ಲೊಂದು ವಿಭಾಗ. ಗೆದ್ದವರು ವೇದಿಕೆಯಲ್ಲಿ ಐದೇ ಪದಗಳಲ್ಲಿ ಭಾಷಣ ಮುಗಿಸಬೇಕು. ನಮ್ಮ ಘಟಿಕೋತ್ಸವಗಳಿಗೂ ಈ ನಿಯಮ ಬಂದರೆ ಮಕ್ಕಳು ಮಧ್ಯಾಹ್ನದ ಊಟಕ್ಕೆ ಮನೆ ಸೇರಿಯಾರು.

ಇಂಗ್ಲಿಷಿನಲ್ಲಿ ಮೂರು ಡಬ್ಲ್ಯು ಹಾಕಿ ಬರೆಯುವ ‘ಅವಾರ್ಡ್ಸ್’ ಎಂಬ ಸ್ಪೇನ್ ಮೂಲದ ಸಂಸ್ಥೆಯ ತೀರ್ಪುಗಾರರ ಅಂಕಪಟ್ಟಿ ಹೀಗಿದೆ: ವಿನ್ಯಾಸಕ್ಕೆ 40, ಬಳಕೆಯ ಸುಲಭತೆಗೆ 30, ಸೃಜನಶೀಲತೆಗೆ 20, ಒಳಗಿರುವ ವಿಷಯಕ್ಕೆ 10. ಸುಗಂಧದ್ರವ್ಯದ ಕಂಪನಿಗೆ ಈ ಪಟ್ಟಿ ಸರಿಯಿರಬಹುದು. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಮರುಮೌಲ್ಯಮಾಪನದ ಕೊನೆಯ ದಿನಾಂಕ ತಪ್ಪಿದ್ದರೆ ಕಳೆಯುವುದು ಎಷ್ಟು? ಹೆಚ್ಚೆಂದರೆ 10 ಅಂಕ. ಆ ದಿನಾಂಕ ನಂಬಿದ ಹುಡುಗಿಯ ಲೆಕ್ಕ ಮಾತ್ರ ಬೇರೆ.

ಹೆಸರು ವೆಬ್, ನೋಡುವುದು ಬೇರೆ

ಸ್ಪೇನಿನದೇ ಇನ್ನೊಂದು ಪಟ್ಟಿ ವೆಬೊಮೆಟ್ರಿಕ್ಸ್. 2004ರಿಂದ ಜಗತ್ತಿನ ವಿಶ್ವವಿದ್ಯಾಲಯಗಳಿಗೆ ಅವುಗಳ ವೆಬ್ ಇರುವಿಕೆಯನ್ನು ನೋಡಿ ಸ್ಥಾನ ಕೊಡುತ್ತಾ ಬಂದಿದೆ. ನಮ್ಮ ಎಷ್ಟೋ ಸಂಸ್ಥೆಗಳು ‘ವೆಬೊಮೆಟ್ರಿಕ್ಸ್‌ನಲ್ಲಿ ಇಂತಿಷ್ಟನೇ ಸ್ಥಾನ’ ಎಂದು ಮುಖಪುಟದಲ್ಲಿ ಹಾಕಿಕೊಂಡಿರುತ್ತವೆ. ಓದಿದವರಿಗೆ ವೆಬ್‌ಸೈಟ್ ಚೆನ್ನಾಗಿದೆಯೆಂದು ಕೊಟ್ಟ ಸ್ಥಾನ ಅನ್ನಿಸುತ್ತದೆ. ಆದರೆ ಅಲ್ಲಿ ಅರ್ಧದಷ್ಟು ತೂಕ ಹೊರಗಿನವರು ಆ ತಾಣಕ್ಕೆ ಎಷ್ಟು ಕೊಂಡಿ ಹಾಕಿದ್ದಾರೆ ಎಂಬುದಕ್ಕೆ. ಉಳಿದದ್ದು ಹೆಚ್ಚಾಗಿ ಸಂಶೋಧನಾ ಲೇಖನಗಳ ಉಲ್ಲೇಖಗಳಿಗೆ. ವಿನ್ಯಾಸವನ್ನು ತಾವು ಅಳೆಯುವುದೇ ಇಲ್ಲವೆಂದು ಪಟ್ಟಿ ಮಾಡುವವರೇ ಹೇಳಿದ್ದಾರೆ.

ಎರಡು ವೃತ್ತಗಳು

2010ರಲ್ಲಿ ಅಮೆರಿಕದ ವ್ಯಂಗ್ಯಚಿತ್ರಕಾರ ರ‍್ಯಾಂಡಲ್ ಮನ್ರೊ ಒಂದರ ಮೇಲೊಂದು ತುಸುವೇ ಹಾಯುವ ಎರಡು ವೃತ್ತ ಬರೆದ. ಒಂದರಲ್ಲಿ ವಿಶ್ವವಿದ್ಯಾಲಯದ ಮುಖಪುಟದಲ್ಲಿ ಇರುವವು: ಕ್ಯಾಂಪಸ್ಸಿನ ಚಿತ್ರಗಳು, ಅಧ್ಯಕ್ಷರ ಸಂದೇಶ, ಪತ್ರಿಕಾ ಹೇಳಿಕೆಗಳು. ಇನ್ನೊಂದರಲ್ಲಿ ಜನ ಹುಡುಕಿಕೊಂಡು ಬರುವವು: ಅಧ್ಯಾಪಕರ ಫೋನ್ ನಂಬರು, ಅರ್ಜಿ ನಮೂನೆ, ಕೋರ್ಸುಗಳ ಪಟ್ಟಿ, ಉಪಯೋಗಕ್ಕೆ ಬರುವ ನಕ್ಷೆ. ಎರಡೂ ಕೂಡುವ ಜಾಗದಲ್ಲಿ ಸಂಸ್ಥೆಯ ಪೂರ್ಣ ಹೆಸರು ಮಾತ್ರ.

ನಮ್ಮ ಕಡೆಗೆ ಈ ಚಿತ್ರ ಬರೆಯುವುದಾದರೆ ಮೊದಲ ವೃತ್ತ ಹಿಗ್ಗಿಸಬೇಕು. ಸಂಸ್ಥಾಪಕರು, ಕುಲಾಧಿಪತಿಗಳು, ಕುಲಪತಿಗಳು, ಕುಲಸಚಿವರು, ಎಲ್ಲರ ಭಾವಚಿತ್ರವೂ ಹಿಡಿಸಬೇಕಲ್ಲ.

ಓಡುವ ಚಿತ್ರಗಳು

ಮುಖಪುಟದ ಮೇಲ್ಭಾಗದಲ್ಲಿ ತಾವಾಗಿಯೇ ಸರಿಯುವ ದೊಡ್ಡ ಚಿತ್ರಗಳು. ಒಂದನ್ನು ಓದಿ ಮುಗಿಸುವಷ್ಟರಲ್ಲಿ ಮತ್ತೊಂದು. ಅವು ಅಲ್ಲಿರುವುದು ಯಾರಿಗಾಗಿ? ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ವೆಬ್ ತಂಡದ ಎರಿಕ್ ರನ್ಯನ್ 2013ರಲ್ಲಿ ತಮ್ಮದೇ ಮುಖಪುಟದ ಲೆಕ್ಕ ತೆಗೆದರು. ಬಂದವರಲ್ಲಿ ಆ ಚಿತ್ರಗಳನ್ನು ಒತ್ತಿದವರು ಶೇ 1ರ ಆಸುಪಾಸು. ಒತ್ತಿದವರಲ್ಲೂ ಬಹುಪಾಲು ಜನ ಒತ್ತಿದ್ದು ಮೊದಲ ಚಿತ್ರವನ್ನೇ.

ಆದರೂ ಚಿತ್ರಗಳು ಓಡುತ್ತಲೇ ಇವೆ. ನನಗೆ ತೋರುವ ಕಾರಣ ಇಷ್ಟು: ಪ್ರತಿ ವಿಭಾಗಕ್ಕೂ ತನ್ನ ಕಾರ್ಯಕ್ರಮ ಮೊದಲ ಪುಟದಲ್ಲಿ ಬರಬೇಕು. ಜಾಗ ಒಂದೇ, ವಿಭಾಗಗಳು ಹಲವು. ಜಗಳ ಬೇಡವೆಂದು ಎಲ್ಲರನ್ನೂ ಸರದಿಯಲ್ಲಿ ಓಡಿಸುತ್ತಾರೆ. ಬಹುಮಾನದ ತೀರ್ಪುಗಾರರಿಗೆ ಅದು ಚಲನೆಯಾಗಿ, ಲವಲವಿಕೆಯಾಗಿ ಕಾಣಿಸುತ್ತದೆ.

ಆರ್.ಟಿ. ನಗರ, ಸೈಬರ್ ಸೆಂಟರ್

ಮುಖ್ಯರಸ್ತೆಯಿಂದ ಒಳಗಿನ ಅಡ್ಡರಸ್ತೆ. ಜೆರಾಕ್ಸ್, ಲ್ಯಾಮಿನೇಷನ್, ಪ್ಯಾನ್ ಕಾರ್ಡ್, ಸಿಇಟಿ ಅರ್ಜಿ, ಎಲ್ಲ ಒಂದೇ ಬೋರ್ಡಿನಲ್ಲಿ. ಪ್ರವೇಶದ ಕಾಲದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಾಲೇಜುಗಳ ಸೈಟುಗಳನ್ನೇ ತೆರೆಯುವ ಮನುಷ್ಯನಿಗೆ ನನ್ನ ಪ್ರಶ್ನೆ: ಯಾವ ಕಾಲೇಜಿನ ಹೋಮ್ ಪೇಜ್ ಚೆನ್ನಾಗಿದೆ?

“ಹೋಮ್ ಪೇಜ್ ಯಾರ್ ಸಾರ್ ನೋಡ್ತಾರೆ? ಗೂಗಲ್‌ನಲ್ಲಿ ಕಾಲೇಜ್ ಹೆಸ್ರು ಹಾಕಿ, ಮುಂದೆ ‘ಫೀ ಪಿಡಿಎಫ್’ ಅಂತ ಹೊಡೆದ್ರೆ ಸೀದಾ ಒಳಗ್ ಹೋಗತ್ತೆ.”

ಪಕ್ಕದ ಕುರ್ಚಿಯಲ್ಲಿ ಮಗಳ ಜೊತೆ ಕೂತಿದ್ದ ತಾಯಿ ಇನ್ಯಾವುದೋ ಕಾಲೇಜಿನ ಪುಟ ತೆರೆಸಿದ್ದರು. ಪರದೆಯ ನಡುವೆ ಒಂದು ಪೆಟ್ಟಿಗೆ ಎದ್ದು ಹೆಸರು, ಮೊಬೈಲ್, ಪಿಯುಸಿ ಶೇಕಡಾವಾರು ಕೇಳಿತು. ಆತ ಕೂತಲ್ಲಿಂದಲೇ ಕೂಗಿದ: “ಮೇಡಂ, ಅದ್ರಲ್ಲಿ ನಿಮ್ ನಂಬರ್ ಹಾಕ್ಬೇಡಿ. ಆಮೇಲೆ ಫೋನ್ ಮೇಲೆ ಫೋನ್. ಮೂಲೇಲಿ ಇಂಟು ಇದೆ ನೋಡಿ, ಒತ್ತಿ.”

ಆ ಇಂಟು ಮಾರ್ಕು ತಿಳಿ ಬೂದು ಬಣ್ಣದ್ದು, ಬಿಳಿಯ ಮೇಲೆ. ಹುಡುಕಿಕೊಟ್ಟದ್ದು ಮಗಳು.

ಹೋಮ್ ಪೇಜನ್ನು ಮುಟ್ಟದೆ ಒಳಹೋಗುವ ದಾರಿ ಗೊತ್ತಿರುವ ಈತನನ್ನು ಪರಿಣತ ಅನ್ನಬೇಕೋ ಬೇಡವೋ? ಯಾವ ತೀರ್ಪುಗಾರರ ಪಟ್ಟಿಯಲ್ಲೂ ಸೈಬರ್ ಸೆಂಟರಿನವರನ್ನು ನಾನು ಕಂಡಿಲ್ಲ.

ನಿಯಮಕ್ಕೆ ಕೊರತೆಯಿಲ್ಲ

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2024ರಲ್ಲಿ ಒಂದು ಮಾರ್ಗಸೂಚಿ ತಂದಿತು. ಉನ್ನತ ಶಿಕ್ಷಣ ಸಂಸ್ಥೆಗಳು ತಮ್ಮ ವಿವರಗಳನ್ನು ವೆಬ್‌ಸೈಟಿನಲ್ಲಿ ತಾವಾಗಿಯೇ ಬಹಿರಂಗಪಡಿಸಬೇಕು. ನೋಂದಣಿ, ಲಾಗಿನ್ ಯಾವುದನ್ನೂ ಕೇಳದೆ ಯಾರಿಗಾದರೂ ಅವು ಸಿಗಬೇಕು. ಹುಡುಕುವ ಸೌಲಭ್ಯ ಇರಬೇಕು. 2025ರಲ್ಲಿ ವಿವರ ಸಲ್ಲಿಸದ, ವೆಬ್‌ಸೈಟಿನಲ್ಲಿ ಹಾಕದ 54 ರಾಜ್ಯ ಖಾಸಗಿ ವಿಶ್ವವಿದ್ಯಾಲಯಗಳ ಹೆಸರನ್ನು ಯುಜಿಸಿ ಪಟ್ಟಿ ಮಾಡಿ ಪ್ರಕಟಿಸಿತು.

ಸರ್ಕಾರಿ ತಾಣಗಳಿಗೆ 2009ರಿಂದಲೇ ಕೇಂದ್ರದ ಮಾರ್ಗಸೂಚಿ ಇದೆ. 2023ರಲ್ಲಿ ಅದರ ಮೂರನೇ ಆವೃತ್ತಿ ಬಂತು. ಒಳ್ಳೆಯ ಸರ್ಕಾರಿ ತಾಣಗಳಿಗೆ ‘ವೆಬ್ ರತ್ನ’ ಎಂಬ ಪ್ರಶಸ್ತಿಯೂ 2009ರಲ್ಲಿ ಶುರುವಾಯಿತು. ಪ್ಲಾಟಿನಂ, ಚಿನ್ನ, ಬೆಳ್ಳಿ ಎಂದು ಮೂರು ದರ್ಜೆ. ಹೀಗೆ ನಿಯಮವಿದೆ, ಪ್ರಶಸ್ತಿ ಇದೆ, ತಪ್ಪಿದವರ ಪಟ್ಟಿಯೂ ಇದೆ. ಆ ತಾಯಿಗೆ ಬೇಕಾದ ಶುಲ್ಕದ ಅಂಕಿ ಮಾತ್ರ ಮೂಲೆಯ ಇಂಟು ಮಾರ್ಕಿನ ಹಿಂದೆ.

3.4.3 ಎಂದರೇನು?

ಕಾಲೇಜುಗಳ ಮೆನುವಿನಲ್ಲಿ ವಿಚಿತ್ರ ಅಂಕಿಗಳು: 1.1.3, 3.4.3, 7.1.2. ಪೋಷಕರಿಗೆ ಇವು ಪಾಠದ ಸಂಖ್ಯೆಗಳಂತೆ ಕಂಡರೆ ತಪ್ಪೇನಿಲ್ಲ. ಇವು ನ್ಯಾಕ್‌ಗಾಗಿ ಇರುವವು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದರ್ಜೆ ಕೊಡುವುದಕ್ಕಾಗಿ 1994ರಲ್ಲಿ ಹುಟ್ಟಿದ ನ್ಯಾಕ್‌ನ ಕಚೇರಿ ನಮ್ಮ ಊರಿನಲ್ಲೇ, ನಾಗರಭಾವಿಯಲ್ಲಿ. ಏಳು ಮಾನದಂಡ, ಅದರೊಳಗೆ ಉಪವಿಭಾಗ, ಒಂದೊಂದಕ್ಕೂ ಪುರಾವೆ. 2017ರಲ್ಲಿ ಪದ್ಧತಿ ಬದಲಾಗಿ ಅಂಕಗಳಲ್ಲಿ ಹೆಚ್ಚಿನ ಪಾಲು ಕಾಲೇಜು ಸಲ್ಲಿಸುವ ದತ್ತಾಂಶಕ್ಕೇ ಹೋದ ಮೇಲೆ, ವೆಬ್‌ಸೈಟು ಪುರಾವೆಗಳ ಬೀರುವಾಯಿತು. ಪ್ರತಿ ಉಪವಿಭಾಗಕ್ಕೂ ಒಂದು ಕೊಂಡಿ, ಕೊಂಡಿಯ ತುದಿಗೆ ಒಂದು ಪಿಡಿಎಫ್.

ಇದರಲ್ಲೊಂದು ತಮಾಷೆ ಇದೆ. ಏಳನೇ ಮಾನದಂಡದೊಳಗೆ, ಅಂಗವಿಕಲರಿಗೆ ಬಳಸಲು ಬರುವ ವೆಬ್‌ಸೈಟ್ ಇದೆಯೇ ಎಂಬ ಮಾತೂ ಬರುತ್ತದೆ. ಹೌದು ಎನ್ನಲು ಕೊಡುವ ಪುರಾವೆಗಳಲ್ಲಿ ಜಿಯೊಟ್ಯಾಗ್ ಮಾಡಿದ ಫೋಟೊಗಳು ಸೇರಿರುತ್ತವೆ. ವೆಬ್‌ಸೈಟಿಗೆ ಅಕ್ಷಾಂಶ ರೇಖಾಂಶ ಯಾವುದು ಎಂದು ಯೋಚಿಸುತ್ತಾ ಸ್ವಲ್ಪ ಹೊತ್ತು ಕೂತೆ.

ಸಹಿ, ಮೊಹರು, ಸ್ಕ್ಯಾನು

ಸುತ್ತೋಲೆಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ. ಪ್ರಿಂಟ್ ತೆಗೆಯುತ್ತಾರೆ. ಕುಲಸಚಿವರು ಸಹಿ ಹಾಕುತ್ತಾರೆ. ಮೊಹರು ಬೀಳುತ್ತದೆ. ಮತ್ತೆ ಸ್ಕ್ಯಾನ್ ಮಾಡಿ, ತುಸು ವಾಲಿದ ಪುಟವನ್ನು ವೆಬ್‌ಸೈಟಿಗೆ ಏರಿಸುತ್ತಾರೆ. ಅಕ್ಷರವಾಗಿ ಹುಟ್ಟಿದ್ದು ಚಿತ್ರವಾಗಿ ಹೊರಬರುತ್ತದೆ. ಇನ್ನು ಗೂಗಲ್‌ಗೆ ಅದನ್ನು ಹುಡುಕುವುದು ಕಷ್ಟ. ಎನ್‌ವಿಡಿಎಯಂಥ ದೃಷ್ಟಿಯಿಲ್ಲದವರಿಗಾಗಿ ಇರುವ ಉಚಿತ ತಂತ್ರಾಂಶ ಕನ್ನಡವನ್ನೂ ಓದಿ ಹೇಳಬಲ್ಲದು, ಚಿತ್ರದ ಮುಂದೆ ಅದಕ್ಕೂ ಬಾಯಿ ಕಟ್ಟುತ್ತದೆ.

ಇದು ಸೋಮಾರಿತನವೆಂದು ಮೊದಲು ಅಂದುಕೊಂಡರೂ ಆಮೇಲೆ ಹಾಗೆನ್ನಿಸಲಿಲ್ಲ. ಸಹಿ ಇಲ್ಲದ ಬರಹವನ್ನು ನಂಬುವವರಿಲ್ಲ. ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಪರೀಕ್ಷೆ ಮುಂದಕ್ಕೆ ಹೋಯಿತೆಂಬ ಸುದ್ದಿ ಬಂದರೆ ಮೊದಲ ಪ್ರಶ್ನೆ: “ಸೀಲ್ ಇರೋ ಸರ್ಕ್ಯುಲರ್ ಇದ್ಯಾ?” ನಂಬಿಕೆ ಕೂತಿರುವುದು ಮೊಹರಿನಲ್ಲಿ. ಅಕ್ಷರ ಮತ್ತು ಮೊಹರು ಎರಡನ್ನೂ ಉಳಿಸಿಕೊಳ್ಳುವ ಡಿಜಿಟಲ್ ಸಹಿ ಇದ್ದೂ ಅಭ್ಯಾಸವಾಗಿಲ್ಲ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಲ್ಲರ ಕೈಗೆಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಎಂದಿತು. ವಾಲಿದ ಪಿಡಿಎಫ್ ಈಗ ಬರೀ ಅಂದಚೆಂದದ ಪ್ರಶ್ನೆಯಲ್ಲ. ಆದರೆ ಹೋಮ್ ಪೇಜ್ ನೋಡಿ ಅಂಕ ಹಾಕುವವರು ಸುತ್ತೋಲೆ ತೆರೆಯುತ್ತಾರೆಯೇ?

ಬೇರೆ ದೇಶಗಳದ್ದೂ ದೊಡ್ಡಸ್ತಿಕೆಯೇನಿಲ್ಲ. ವೆಬ್‌ಏಮ್ ಸಂಸ್ಥೆ 2024ರಲ್ಲಿ 10 ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ ಶೇ 95.9ರಲ್ಲಿ ದೋಷ ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಹಿನ್ನೆಲೆಯೊಳಗೆ ಕರಗಿಹೋಗುವ ಮಾಸಲು ಅಕ್ಷರ. ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅಂತರ ಇರಬೇಕೆಂಬ ಅಳತೆ ಇದೆ. ಅಂದವೆಂದು ಬಹುಮಾನ ಪಡೆಯುವ ತಿಳಿ ಬೂದು ಎಷ್ಟೋ ಸಲ ಈ ಅಳತೆಗೆ ಸೋಲುತ್ತದೆ.

ಪರಿಣತರು ಪರಸ್ಪರ ಒಪ್ಪುತ್ತಾರೆಯೇ?

ಡೆನ್ಮಾರ್ಕಿನ ರೋಲ್ಫ್ ಮೋಲಿಕ್ 1998ರಲ್ಲಿ ಒಂದು ಪ್ರಯೋಗ ಮಾಡಿದರು. ಒಂಬತ್ತು ತಂಡಗಳಿಗೆ ಒಂದೇ ತಾಣ, ಆಗಿನ ಹಾಟ್‌ಮೇಲ್, ಕೊಟ್ಟು ದೋಷ ಹುಡುಕಲು ಹೇಳಿದರು. ಒಟ್ಟು 310 ದೋಷ ಬಂದವು. ಅದರಲ್ಲಿ ಶೇ 75ರಷ್ಟು ಕಂಡದ್ದು ಒಂದೊಂದೇ ತಂಡಕ್ಕೆ. ಮಿಕ್ಕ ಎಂಟು ತಂಡಕ್ಕೆ ಅವು ಕಾಣಲೇ ಇಲ್ಲ.

ಹಾಗೆಂದು ಪರಿಣತರು ಬೇಡವೆನ್ನಲು ಬರುವುದಿಲ್ಲ. ಒಬ್ಬರ ಕಣ್ಣು ಸಾಲದು ಎಂಬುದಷ್ಟೇ ಇದರ ಪಾಠ. ಮೂರ್ನಾಲ್ಕು ತೀರ್ಪುಗಾರರ ಸರಾಸರಿ ತೆಗೆದು 8.37 ಎಂದು ದಶಮಾಂಶದವರೆಗೆ ಅಂಕ ಕೊಡುವಾಗ, ಆ ದಶಮಾಂಶ ಎಲ್ಲಿಂದ ಬಂತು ಎಂಬುದು ನನ್ನ ತಲೆಗೆ ಹೋಗದ ಸಂಗತಿ.

ವಿಳಾಸ

ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಎಂದು ಕೇಳಿದ ಹೆಬ್ಬಾಳದವರು ಆಟೊದಲ್ಲಿ ಹೋಗಿಬರಬಹುದು ಅಂದುಕೊಂಡರೆ ಆಶ್ಚರ್ಯವಿಲ್ಲ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾದಾಗ ಹುಟ್ಟಿದ ಇದರ ಕಚೇರಿ ಇರುವುದು ಕೋಲಾರದ ಟಮಕದಲ್ಲಿ, 60 ಕಿಲೋಮೀಟರಿಗೂ ಆಚೆ. ಇಂಥ ಕಡೆ ಒಂದು ಸಾಲಿನ ವಿಳಾಸ ಉಳಿದೆಲ್ಲ ವಿನ್ಯಾಸಕ್ಕಿಂತ ದೊಡ್ಡದು. ಒಂದು ಇಡೀ ದಿನದ ಸಂಬಳ ಉಳಿಸುತ್ತದೆ. ವಿಳಾಸ ಸುಲಭವಾಗಿ ಸಿಕ್ಕಿದ್ದಕ್ಕೆ ಅಂಕ ಕೊಡುವ ಕಾಲಮ್ಮು ಅಂಕಪಟ್ಟಿಯಲ್ಲಿ ಎಲ್ಲಿದೆ?

ಒಂದು ಸ್ಪರ್ಧೆಯ ನೀಲನಕ್ಷೆ

ಇಷ್ಟೆಲ್ಲ ಗೀಚಿದ ಮೇಲೆ ಒಂದು ಮಾತು ಕೈಗೆ ಹತ್ತುತ್ತಿದೆ. ತೀರ್ಪುಗಾರರಿಗೆ ಪರಿಣತಿ ಇದೆ, ಕೆಲಸ ಇಲ್ಲ. ಶುಲ್ಕ ಕಟ್ಟಬೇಕಿಲ್ಲ, ಅಂಕಪಟ್ಟಿ ತೆಗೆಸಬೇಕಿಲ್ಲ, ಹಾಸ್ಟೆಲ್ ಹುಡುಕಬೇಕಿಲ್ಲ. ಹಸಿವಿಲ್ಲದವರು ಊಟದ ರುಚಿ ಹೇಳಿದ ಹಾಗೆ. ಎಲೆ ಬಡಿಸಿದ ಅಂದ ಅವರಿಗೆ ಎದ್ದು ಕಾಣುತ್ತದೆ, ಅನ್ನ ಬೆಂದಿದೆಯೇ ಎಂಬುದು ಕಾಣುವುದಿಲ್ಲ.

ಹಾಗಾದರೆ ಅವರಿಗೆ ಕೆಲಸ ಕೊಡೋಣ. ಎನ್‌ಐಡಿಯಿಂದ ಒಬ್ಬರು, ಸೃಷ್ಟಿಯಿಂದ ಒಬ್ಬರು, ಸೈಬರ್ ಸೆಂಟರಿನವರೊಬ್ಬರು, ದೃಷ್ಟಿಯಿಲ್ಲದ ವಿದ್ಯಾರ್ಥಿ ಒಬ್ಬರು, ಜಿಕೆವಿಕೆಯ ಕೃಷಿ ಮೇಳಕ್ಕೆ ನವೆಂಬರಿನಲ್ಲಿ ಬರುವ ರೈತರೊಬ್ಬರು. ಕೈಗೆ ಅಗ್ಗದ ಮೊಬೈಲು, ಜೊತೆಗೆ ಒಂದೊಂದು ಚೀಟಿ.

ಚೀಟಿ ಒಂದು: ಬಿ.ಕಾಂ. ಮೊದಲ ವರ್ಷದ ಒಟ್ಟು ಶುಲ್ಕ, ನಿಮ್ಮ ನಂಬರು ಕೊಡದೆ.

ಚೀಟಿ ಎರಡು: ಜಿಪಿಯು-28 ರಾಗಿ ಬೀಜ ಎಲ್ಲಿ ಸಿಗುತ್ತದೆ, ಕನ್ನಡದಲ್ಲಿ.

ಚೀಟಿ ಮೂರು: ಕಳೆದುಹೋದ ಅಂಕಪಟ್ಟಿಯ ನಕಲಿಗೆ ಯಾರನ್ನು ಕಾಣಬೇಕು, ಫೋನ್ ಎತ್ತುವ ನಂಬರು.

ಚೀಟಿ ನಾಲ್ಕು: ನಿನ್ನೆಯ ಸುತ್ತೋಲೆಯನ್ನು ಕಣ್ಣು ಮುಚ್ಚಿ ಕೇಳಿ.

ಚೀಟಿ ಐದು: ರ‍್ಯಾಗಿಂಗ್ ಆದರೆ ರಾತ್ರಿ ಹನ್ನೊಂದಕ್ಕೆ ಯಾರಿಗೆ ಹೇಳಬೇಕು.

ಹತ್ತು ನಿಮಿಷ ಸಮಯ. ಸಿಕ್ಕರೆ ಅಂಕ, ಸಿಗದಿದ್ದರೆ ಸೊನ್ನೆ. ಬಣ್ಣದ ಮಾತು ಆಮೇಲೆ. ಗೆದ್ದರೆ ವೇದಿಕೆಗೆ ಕರೆಯಬೇಕಾದ್ದು ಸಂಜೆ ಆರಕ್ಕೆ ಬಂದ ಆದೇಶವನ್ನು ಆರೂಕಾಲಿಗೆ ಸೈಟಿಗೆ ಏರಿಸುವ ಗುತ್ತಿಗೆ ನೌಕರರನ್ನು.

ಉಳಿದಿರುವ ತೊಡಕು ಒಂದೇ. ಇಂಥ ಪ್ರಶಸ್ತಿಗಳಿಗೆ ಪ್ರವೇಶ ಶುಲ್ಕ ಕಟ್ಟಿ ಸ್ಪರ್ಧಿಸುವುದು ಸಾಮಾನ್ಯವಾಗಿ ಸಂಸ್ಥೆಯ ಪ್ರಚಾರ ವಿಭಾಗ. ಚೀಟಿ ಹಿಡಿದ ತೀರ್ಪುಗಾರರ ಮುಂದೆ ತನ್ನ ಸೈಟನ್ನು ತಾನಾಗಿ ತಂದಿಡಲು ಆ ವಿಭಾಗ ಹಣ ಕಟ್ಟುವುದಾದರೂ ಏಕೆ? ಕಟ್ಟುವ ಸಂಸ್ಥೆ ಒಂದಾದರೂ ಇದ್ದರೆ, ಚೀಟಿ ಹಂಚುವ ಮೊದಲೇ ಅದಕ್ಕೆ ಅರ್ಧ ಅಂಕ ಕೊಟ್ಟುಬಿಡಬಹುದು.