ನೆಟ್ ಖಾಲಿ ಮಾಡಿದ್ದು ಯಾರು?

ನಾವು ಮೂರು ಜನ ಹಾಸ್ಟೆಲಿನ ಒಂದೇ ರೂಮಿನವರು. ಒಬ್ಬನ ಮನೆ ಕುಂದಾಪುರ, ಒಬ್ಬನದು ಬೈಂದೂರು, ಇನ್ನೊಬ್ಬನದು ಬ್ರಹ್ಮಾವರ. ನಾವು ಚಿಕ್ಕವರಿದ್ದಾಗ ಬೈಂದೂರು ಕುಂದಾಪುರ ತಾಲೂಕಿನಲ್ಲಿತ್ತು, ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿತ್ತು. ಈಗ ಮೂರೂ ಬೇರೆ ಬೇರೆ ತಾಲೂಕು. ಆದರೆ ಈ ಬರಹದಲ್ಲಿ ಯಾರ ಮನೆಯ ಕಥೆಯಾದರೂ "ನಮ್ಮ ಮನೆ" ಅಂತಲೇ ಬರೆಯುತ್ತೇವೆ. ಯಾಕೆ ಅಂದರೆ, ತಪ್ಪು ಮಾಡಿದವನು ತನ್ನ ಹೆಸರು ಹಾಕಬೇಡಿ ಅಂದಿದ್ದಾನೆ. ಉಳಿದಿಬ್ಬರ ಮನೆಯ ಕಥೆಯೂ ಅಷ್ಟೇನೂ ಚೆಂದ ಇಲ್ಲ.

ಮಾತು ಶುರುವಾದದ್ದು ನೆಟ್‌ವರ್ಕ್ಸ್ ಕ್ಲಾಸ್ ಮುಗಿಸಿ ಮೆಸ್ಸಿಗೆ ಹೋದಾಗ. ಅವತ್ತು ಸರ್ ರೇಡಿಯಸ್ ಸರ್ವರ್ ಬಗ್ಗೆ ಪಾಠ ಮಾಡಿದ್ದರು. ನಮ್ಮ ರೂಟರ್ ಲಾಗಿನ್ ಆದಾಗ ಹೆಸರು, ಪಾಸ್‌ವರ್ಡ್ ಸರಿಯಿದೆಯೇ ಎಂದು ನೋಡುವುದು ಈ ಸರ್ವರ್. ಅದು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಎಷ್ಟು ಬೈಟ್ ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಆಗಾಗ ಅದಕ್ಕೆ ತಲುಪುತ್ತಲೇ ಇರುತ್ತದೆ. ತಿಂಗಳ ಮಿತಿ ದಾಟಿದ ಕೂಡಲೇ ಕಂಪನಿಯ ಗೇಟ್‌ವೇಗೆ ಒಂದು ಸಂದೇಶ ಹೋಗುತ್ತದೆ: ಈ ಮನೆಯ ಸ್ಪೀಡ್ ಇಳಿಸು. ಇದನ್ನೇ ಫೇರ್ ಯೂಸೇಜ್ ಪಾಲಿಸಿ, ಚುಟುಕಾಗಿ ಎಫ್‌ಯುಪಿ, ಅನ್ನುವುದು.

"ಅಂದ್ರೆ ಆ ಸರ್ವರಿಗೆ ಮನೆ ಗೊತ್ತು. ಮನೆಯೊಳಗೆ ಯಾರು ಅಂತ ಗೊತ್ತಿಲ್ಲ" ಅಂದ ನಮ್ಮಲ್ಲೊಬ್ಬ.

ಉಳಿದಿಬ್ಬರೂ ಊಟ ನಿಲ್ಲಿಸಿ ಅವನನ್ನೇ ನೋಡಿದೆವು. ಹೌದಲ್ಲ. ಲೆಕ್ಕ ಬರುವುದು ಇಡೀ ಮನೆಯ ಹೆಸರಿಗೆ. ಯಾರು ಖಾಲಿ ಮಾಡಿದ್ದು ಅಂತ ತೀರ್ಮಾನ ಮಾಡುವವರು ಮನೆಯವರು. ಮೂರೂ ಮನೆಗಳಲ್ಲಿ ಆ ತೀರ್ಮಾನ ತಪ್ಪಾಗಿತ್ತು.

ಮೊದಲು ಕುಂದಾಪುರದ ಮನೆ. ಆಗಿನ್ನೂ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್. ಗುಡುಗು ಕೇಳಿದ ಕೂಡಲೇ ಓಡಿಹೋಗಿ ಫೋನಿನ ವೈರ್ ಕೀಳಬೇಕು, ಇಲ್ಲದಿದ್ದರೆ ಮೋಡೆಮ್ ಸುಟ್ಟುಹೋಗುತ್ತಿತ್ತು. ಆ ಕಾಲದ ಕೆಲವು ಪ್ಲಾನ್‌ಗಳಲ್ಲಿ ಹಗಲು ಲೆಕ್ಕ, ರಾತ್ರಿ ಪುಕ್ಕಟೆ. ಬಿಎಸ್ಸೆನ್ನೆಲ್‌ನ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗಿನ ಅನ್‌ಲಿಮಿಟೆಡ್ ನೆನಪಿರುವ ಅಣ್ಣಂದಿರು ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳಲ್ಲಿ ಬೇಕಾದಷ್ಟು ಜನ ಇದ್ದಾರು. ನಮ್ಮ ಅಣ್ಣನೂ ರಾತ್ರಿ 2ಕ್ಕೆ ಅಲಾರಂ ಇಟ್ಟು ಎದ್ದು, ಸಿನಿಮಾ ಡೌನ್‌ಲೋಡ್ ಹಾಕಿ ಮತ್ತೆ ಮಲಗುತ್ತಿದ್ದ. ಬೆಳಿಗ್ಗೆ 8ರ ಮೊದಲು ಎದ್ದು ನಿಲ್ಲಿಸಬೇಕು. ಎರಡು ದಿನ ಏಳಲಿಲ್ಲ.

ಆಗ ಮಿತಿ ದಾಟಿದರೆ ಸ್ಪೀಡ್ ಇಳಿಯುತ್ತಿರಲಿಲ್ಲ, ಎಂಬಿಗೆ ಇಷ್ಟು ಎಂದು ದುಡ್ಡು ಬೀಳುತ್ತಿತ್ತು. ಲ್ಯಾಂಡ್‌ಲೈನಿಗೂ ನೆಟ್ಟಿಗೂ ಒಂದೇ ಬಿಲ್. ಆ ತಿಂಗಳ ಬಿಲ್ ನೋಡಿ ಅಪ್ಪಯ್ಯ ಅಮ್ಮನ ಮೇಲೆ ರೇಗಿದರು: "ದಿನಾ ತವರುಮನಿಗೆ ಗಂಟೆಗಟ್ಲೆ ಫೋನ್ ಮಾಡಿರೆ ಹಿಂಗೇ ಆಪ್ದ್." ಅಮ್ಮ ಬಿಲ್ಲನ್ನು ಓದಲು ಹೋಗಲಿಲ್ಲ. ಅಣ್ಣ ಬಾಯಿ ಬಿಡಲಿಲ್ಲ. ಅಣ್ಣ ಅಲಾರಂ ಇಡುವುದು ನಮಗೆ ಗೊತ್ತಿತ್ತು, ನಾವೂ ಬಾಯಿ ಬಿಡಲಿಲ್ಲ, ಯಾಕೆಂದರೆ ಆ ಸಿನಿಮಾ ನಾವೂ ನೋಡಿದ್ದೆವು. ಅಮ್ಮ ಆಮೇಲೆ ಎಷ್ಟೋ ಸಮಯ ಅಮ್ಮಮ್ಮನ ಜೊತೆ ಗಡಿಯಾರ ನೋಡುತ್ತ ಮಾತಾಡುತ್ತಿದ್ದರು.

ಬ್ರಹ್ಮಾವರದ ಮನೆಯದ್ದು 2020ರ ಕಥೆ. ಲಾಕ್‌ಡೌನ್ ಆದಾಗ ಬೆಂಗಳೂರಿನ ಚಿಕ್ಕಪ್ಪ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬಂದರು. ಅವರಿಗೆ ಇಡೀ ದಿನ ಮೀಟಿಂಗ್, ನಮಗೆ ಆನ್‌ಲೈನ್ ಕ್ಲಾಸ್. ಆಚೆಮನೆಯ ಹುಡುಗ ನಮ್ಮ ಜಗಲಿಯಲ್ಲಿ ಕೂತು ನಮ್ಮ ವೈಫೈಯಲ್ಲೇ ಕ್ಲಾಸ್ ಕೇಳುತ್ತಿದ್ದ, ಅವರ ಮನೆಯ ಫೋನಿಗೆ ದಿನಕ್ಕೆ ಇರುವುದು 1.5 ಜಿಬಿ. ತಿಂಗಳ ಮಧ್ಯಕ್ಕೇ ನಮ್ಮ ನೆಟ್ ನಿಧಾನವಾಯಿತು. ಮನೆಯಲ್ಲಿ ಮೀಟಿಂಗ್ ಮಾಡಿ ನಾವು ತೆಗೆದುಕೊಂಡ ತೀರ್ಮಾನ: ಪಾಸ್‌ವರ್ಡ್ ಬದಲಾಯಿಸುವುದು. ಮರುದಿನ ಹುಡುಗ ಬಂದ, ಫೋನ್ ತಟ್ಟಿ ನೋಡಿದ, ಎರಡು ಸಲ ಆಫ್ ಮಾಡಿ ಆನ್ ಮಾಡಿದ. ಏನನ್ನೂ ಕೇಳದೆ ಎದ್ದು ಹೋದ. ಚಂದನ ಟೀವಿಯಲ್ಲಿ "ಸಂವೇದ" ಪಾಠ ಬರುತ್ತಿತ್ತಲ್ಲ, ಅದಕ್ಕೆ ಡೇಟಾ ಬೇಡ. ಅದನ್ನು ನೋಡುತ್ತಾನೆ ಅಂತ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಮುಂದಿನ ತಿಂಗಳೂ ನೆಟ್ ಅದೇ ಹೊತ್ತಿಗೆ ನಿಧಾನವಾಯಿತು. ಹೊಸ ಪಾಸ್‌ವರ್ಡ್ ಮಾತ್ರ ಹಾಗೇ ಉಳಿಯಿತು.

ಈಗ ಬೈಂದೂರಿನ ಮನೆ. ಈ ಬರಹ ಬರೆಯಲು ಕಾರಣ ಇದೇ.

ನಮ್ಮ ಅಜ್ಜಿಗೆ ಆಟ ಅಂದರೆ ಪ್ರಾಣ. ಇಲ್ಲಿ ಆಟ ಅಂದರೆ ಯಕ್ಷಗಾನ, ಬೇರೆ ಕಡೆಯವರಿಗೆ ಹೇಳಿಬಿಡುತ್ತೇವೆ. ಮಾರಣಕಟ್ಟೆ ಮೇಳದ ಆಟ ಹತ್ತಿರದಲ್ಲೆಲ್ಲಾದರೂ ಇದ್ದರೆ ಚಾಪೆ ಹಿಡಿದುಕೊಂಡು ಹೊರಡುವವರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಿತು. ಆಗ ನಾವೇ ಅಜ್ಜಿಗೆ ಒಂದು ಹಳೇ ಫೋನ್ ಕೊಟ್ಟು, ಯೂಟ್ಯೂಬ್‌ನಲ್ಲಿ ಆಟ ಹುಡುಕುವುದನ್ನು ಕಲಿಸಿದೆವು. ಮೈಕಿನ ಗುರುತು ಒತ್ತಿ "ಮಾರಣಕಟ್ಟೆ ಮೇಳ" ಅಂತ ಹೇಳಿದರೆ ಸಾಕು. ಅಜ್ಜಿ ಫೋನನ್ನು ಚೊಂಬಿಗೆ ಆನಿಸಿಟ್ಟು, ಹೂವಿನ ಮಾಲೆ ಕಟ್ಟುತ್ತ ನೋಡುತ್ತಿದ್ದರು. ಚೆಂಡೆ ಶಬ್ದ ಅಡುಗೆಮನೆಯವರೆಗೆ ಕೇಳುತ್ತಿತ್ತು.

ನಮ್ಮದು ತಿಂಗಳಿಗೆ 100 ಜಿಬಿಯ ಪ್ಲಾನ್. ಆಮೇಲೆ ಸ್ಪೀಡ್ 2 ಎಂಬಿಪಿಎಸ್. 2 ಎಂಬಿಪಿಎಸ್ ಸಾಲದೇ ಅಂತ ಕೇಳಬಹುದು. ಒಬ್ಬರಿಗಾದರೆ ಹೇಗೋ ಸಾಕು. 1 ಜಿಬಿ ಇಳಿಯಲು ಒಂದು ಗಂಟೆಯ ಮೇಲೆ ಬೇಕು. ನಮ್ಮ ಮನೆಯಲ್ಲಿ ಎರಡು ಆನ್‌ಲೈನ್ ಕ್ಲಾಸ್ ಒಟ್ಟಿಗೆ ನಡೆಯುತ್ತಿತ್ತು. ತಂಗಿಯ ಟೀಚರ್ ಬಾಯಿ ತೆರೆದುಕೊಂಡು ಪರದೆಯ ಮೇಲೆ ನಿಂತುಬಿಡುತ್ತಿದ್ದರು. ಒಂದು ಟೆಸ್ಟಿನ ಉತ್ತರದ ಫೋಟೊ ಸಮಯಕ್ಕೆ ಸರಿಯಾಗಿ ಅಪ್‌ಲೋಡ್ ಆಗಲಿಲ್ಲ ಅಂತ ಅವಳು ಅತ್ತದ್ದೂ ಆಯಿತು. ಅವತ್ತು 17ನೇ ತಾರೀಕು.

ಯಾರು ಖಾಲಿ ಮಾಡಿದ್ದು? ಯಾರೂ ಲೆಕ್ಕ ನೋಡಲಿಲ್ಲ. ಚೆಂಡೆ ಶಬ್ದ ಎಲ್ಲರಿಗೂ ಕೇಳುತ್ತಿತ್ತಲ್ಲ.

ಹೇಳಿದ್ದು ನಾವೇ. "ಅಜ್ಜಿ, ನೀನ್ ಇಡೀ ದಿನ ಆಟ ಕಂಡ್ರ್ ನೆಟ್ ಖಾಲಿ ಆತ್ತ್. ನಮ್ಗ್ ಕ್ಲಾಸ್ ಇತ್ತಲ್ದಾ?"

ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ನಂಗ್ ಗೊತ್ತಿರ್ಲಿಲ್ಲ ಮಗಾ. ಇನ್ ಕಾಂಬುದಿಲ್ಲ" ಅಂದರು.

ನಿಜವಾಗಿಯೂ ನೋಡಲಿಲ್ಲ. ಫೋನನ್ನು ದೇವರ ಕೋಣೆಯ ಗೂಡಿನಲ್ಲಿ ಇಟ್ಟರು. ಮೂಲೆಯಲ್ಲಿದ್ದ ರೇಡಿಯೊ ತೆಗೆದು ಮಂಗಳೂರು ಆಕಾಶವಾಣಿ ಹಿಡಿಯಲು ನೋಡಿದರು, ಅದಕ್ಕೆ ಸೆಲ್ ಇರಲಿಲ್ಲ. ಪೇಟೆಯೂ ಅರ್ಧ ದಿನ ಬಂದ್. ಮಾಲೆ ಕಟ್ಟುವುದು ಸದ್ದಿಲ್ಲದೆ ನಡೆಯಿತು. ನಮಗೆ ಕ್ಲಾಸ್ ಇತ್ತು, ನಾವು ಅದನ್ನು ಗಮನಿಸಲಿಲ್ಲ.

ಮುಂದಿನ ತಿಂಗಳು ನೆಟ್ ಮುಗಿದದ್ದು 19ಕ್ಕೆ.

ಆಗ ಮೊದಲ ಸಲ ಲೆಕ್ಕ ನೋಡಿದೆವು. ಅಜ್ಜಿಯ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಡೇಟಾ: ಹಿಂದಿನ ತಿಂಗಳು 14 ಜಿಬಿ, ಈ ತಿಂಗಳು ಅರ್ಧ ಜಿಬಿಯೂ ಇಲ್ಲ. ನಮ್ಮ ಲ್ಯಾಪ್‌ಟಾಪಿನಲ್ಲಿ ಕಳೆದ 30 ದಿನ: 68 ಜಿಬಿ. ಅದರಲ್ಲಿ ಕ್ಲಾಸಿನದ್ದು 15. ಒಂದು ಗೇಮ್ ಮತ್ತು ಅದರ ಅಪ್‌ಡೇಟು ಸೇರಿ 41. ಉಳಿದ 12 ಜಿಬಿ, ನಾವು ಯಾವತ್ತೋ ಆನ್ ಮಾಡಿ ಮರೆತಿದ್ದ ಫೋಟೊ ಬ್ಯಾಕಪ್. ಮೇಲೆ ಹೋದ ಬೈಟೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಈಗ ಇಂಜಿನಿಯರಿಂಗ್ ಓದುವವರಾಗಿ ಆ 14 ಜಿಬಿಯ ಲೆಕ್ಕ ಮಾಡಿ ನೋಡಿದೆವು. ಅಜ್ಜಿಯ ಫೋನಿನಲ್ಲಿ ವಿಡಿಯೊ ಓಡುತ್ತಿದ್ದದ್ದು 360ಪಿಯಲ್ಲಿ. ಗಂಟೆಗೆ ಸುಮಾರು 350 ಎಂಬಿ ಅಂತ ಹಿಡಿದರೆ ತಿಂಗಳಿಗೆ 40 ಗಂಟೆ, ದಿನಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ. ನಾವು ಹೇಳಿದ್ದ "ಇಡೀ ದಿನ" ಇಷ್ಟು. ಬಯಲಾಟಕ್ಕೆ ಹೋದರೆ ಐದು ರಾತ್ರಿಯಲ್ಲಿ ಇಷ್ಟು ನೋಡಿ ಮುಗಿಸುತ್ತಿದ್ದರು.

ಇಲ್ಲಿಗೆ ನಮ್ಮ ತಪ್ಪು ಮುಗಿಯಲಿಲ್ಲ. ಲೆಕ್ಕ ಗೊತ್ತಾದ ಮೇಲೆ ಅಜ್ಜಿಯ ಹತ್ತಿರ ಹೋಗಿ ಹೇಳಿದ್ದು ಏನು ಗೊತ್ತೇ? "ಅಜ್ಜಿ, ಪ್ಲಾನ್ ಬದ್ಲ್ ಮಾಡಿತ್. ಇನ್ ಆಟ ಕಾಣ್ಲಕ್ಕ್." ಖಾಲಿ ಮಾಡಿದ್ದು ನಾವು ಅಂತ ಹೇಳಲಿಲ್ಲ. ಗೇಮ್ ಡಿಲೀಟ್ ಮಾಡಿದೆವು, ಬ್ಯಾಕಪ್ ಆಫ್ ಮಾಡಿದೆವು, ಅಲ್ಲಿಗೆ ನ್ಯಾಯ ಆಯಿತು ಅಂದುಕೊಂಡೆವು.

ಮಿತಿ ಇಡುವುದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಕಂಪನಿಯ ಕಡೆಯಿಂದಲೂ ಒಂದು ಕಾರಣ ಇದೆ. ಈಗಿನ ಫೈಬರ್‌ನಲ್ಲಿ, ಅಂದರೆ ಜಿಪಾನ್‌ನಲ್ಲಿ, ಒಂದು ಎಳೆಯ ಸುಮಾರು 2.5 ಜಿಬಿಪಿಎಸ್ಸನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. 32 ಮನೆಯವರೂ ಒಟ್ಟಿಗೆ ಎಳೆದರೆ ಒಬ್ಬೊಬ್ಬರಿಗೆ 80 ಎಂಬಿಪಿಎಸ್ ಕೂಡ ಸಿಗದು. ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಇಡೀ ವ್ಯವಹಾರ ನಿಂತಿದೆ. ಒಂದು ಮನೆಯವರು ಹಗಲು ರಾತ್ರಿ ಎಳೆಯುತ್ತಲೇ ಇದ್ದರೆ ಆಚೀಚೆ ಮನೆಗೆ ತೊಂದರೆ.

ಆದರೆ ದಟ್ಟಣೆ ಆಗುವುದು ರಾತ್ರಿ 8ರಿಂದ 10ರ ಹೊತ್ತಿಗೆ. ತಿಂಗಳ ಮಿತಿಗೆ ಹೊತ್ತು ಗೊತ್ತಿಲ್ಲ. ಎಲ್ಲರೂ ಮಲಗಿರುವಾಗ ಇಳಿಸಿದ 1 ಜಿಬಿಯನ್ನೂ, ರಾತ್ರಿ 9ಕ್ಕೆ ಇಳಿಸಿದ 1 ಜಿಬಿಯನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆ ಮಟ್ಟಿಗೆ ಅಣ್ಣನ ಕಾಲದ ರಾತ್ರಿ ಪುಕ್ಕಟೆ ಪ್ಲಾನೇ ಹೆಚ್ಚು ಬುದ್ಧಿವಂತಿಕೆಯದ್ದು ಅಂತ ನಮಗೆ ಅನಿಸುತ್ತದೆ, ಅಣ್ಣನ ನಿದ್ದೆ ಹಾಳಾದರೂ.

ನಿಯಮಗಳೂ ಇವೆ. ಮಿತಿ ಮುಗಿದ ಮೇಲೂ ಮನೆಯ ಬ್ರಾಡ್‌ಬ್ಯಾಂಡ್ ಸ್ಪೀಡ್ 512 ಕೆಬಿಪಿಎಸ್‌ಗಿಂತ ಕೆಳಗೆ ಇಳಿಯಬಾರದು ಎಂದು ಟ್ರಾಯ್ 2016ರಲ್ಲಿ ಹೇಳಿತು. ಆ ಸ್ಪೀಡಿನಲ್ಲಿ 1 ಜಿಬಿ ಇಳಿಯಲು ನಾಲ್ಕು ಗಂಟೆಯ ಮೇಲೆ ಬೇಕು ಅನ್ನುವುದು ಬೇರೆ ಮಾತು. ಡೇಟಾ ಮುಗಿಯುತ್ತ ಬಂದಾಗ ಗ್ರಾಹಕರಿಗೆ ತಿಳಿಸಬೇಕು ಅಂತಲೂ ಇದೆ. ನಮ್ಮ ಮನೆಗೂ ಎಸ್ಸೆಮ್ಮೆಸ್ ಬಂದಿತ್ತು, ಅಪ್ಪಯ್ಯನ ಫೋನಿಗೆ. ಅವರು ಅದನ್ನು ಜಾಹೀರಾತು ಅಂತ ಡಿಲೀಟ್ ಮಾಡಿದ್ದರು.

ಈಗ ಹೆಚ್ಚಿನ ಫೈಬರ್ ಪ್ಲಾನ್‌ಗಳಲ್ಲಿ "ಅನ್‌ಲಿಮಿಟೆಡ್" ಎಂಬ ದೊಡ್ಡಕ್ಷರದ ಕೆಳಗೆ ಸಣ್ಣಕ್ಷರದಲ್ಲಿ 3300 ಜಿಬಿ ಅಂತ ಇರುತ್ತದೆ. 100 ಎಂಬಿಪಿಎಸ್‌ನಲ್ಲಿ ಬಿಡದೆ ಎಳೆದರೆ ಅದು ಮೂರು ದಿನ, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಹಾಗೆ ಎಳೆಯುವ ಮನೆ ನಮ್ಮ ಕಡೆ ನಾವು ಕಂಡಿಲ್ಲ. ಅಜ್ಜಿಯ ಲೆಕ್ಕದಲ್ಲಿ ಹೇಳುವುದಾದರೆ, ತಿಂಗಳಿಗೆ 14ರಂತೆ 3300 ಜಿಬಿ ಮುಗಿಯಲು 19 ವರ್ಷಕ್ಕೂ ಹೆಚ್ಚು ಬೇಕು.

ಆದರೂ ಅಜ್ಜಿ ಇವತ್ತಿಗೂ ಫೋನ್ ಮುಟ್ಟುವ ಮೊದಲು ಕೇಳುತ್ತಾರೆ: "ನೆಟ್ ಇತ್ತಾ ಮಗಾ?" ಯಾರಾದರೂ "ಇತ್ತ್ ಅಜ್ಜಿ" ಅಂದ ಮೇಲೆಯೇ ಆಟ ಹಾಕುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಹಾಕುವುದೇ ಇಲ್ಲ. ಮಿತಿ ಹೋಗಿ ಎಷ್ಟೋ ಸಮಯವಾಯಿತು. ನಾವು ಹಾಕಿದ ಮಿತಿ ಇನ್ನೂ ಹೋಗಿಲ್ಲ.

ಮೆಸ್ಸಿನಲ್ಲಿ ಈ ಕಥೆ ಹೇಳಿ ಮುಗಿಸಿದ ಮೇಲೆ ಉಳಿದಿಬ್ಬರು ಸೇರಿ ಮೂರನೆಯವನಿಂದ ಅಲ್ಲೇ ಮನೆಗೆ ಫೋನ್ ಹಚ್ಚಿಸಿದೆವು. ಸ್ಪೀಕರ್ ಆನ್. ಅವತ್ತು ನೆಟ್ ಖಾಲಿ ಮಾಡಿದ್ದು ನೀನಲ್ಲ, ನಾವು ಅಂತ ಹೇಳಿಸಿದೆವು. ಅಜ್ಜಿಗೆ ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹೇಳಿಸಿದೆವು.

"ಅದೆಲ್ಲ ಈಗ ಎಂತಕ್ಕ್ ಮಗಾ? ಊಟ ಆಯ್ತಾ?" ಅಂದರು. ಆಮೇಲೆ ಸ್ವಲ್ಪ ತಡೆದು, "ಹಂಗಾರೆ ಈಗ ಕೇಣ್ದೆ ಹಾಕ್ಲಕ್ಕಾ?" ಅಂದರು.

ಹಾಕಬಹುದು ಅಂತ ಮೂವರೂ ಒಟ್ಟಿಗೆ ಕೂಗಿದೆವು. ಪಕ್ಕದ ಟೇಬಲಿನವರು ತಿರುಗಿ ನೋಡಿದರು.

ಮುಂದಿನ ವಾರ ಸೆಮಿಸ್ಟರ್ ರಜೆ. ಊರಿಗೆ ಹೋದವರು, ಮನೆಯಲ್ಲಿ ನೆಟ್ ಯಾಕೆ ಬೇಗ ಖಾಲಿಯಾಯಿತು ಅಂತ ಮಾತು ಬಂದರೆ, ಮೊದಲು ನಿಮ್ಮದೇ ಲ್ಯಾಪ್‌ಟಾಪಿನ ಡೇಟಾ ಲೆಕ್ಕ ತೆರೆದು ನೋಡಿ. ಬ್ರಹ್ಮಾವರದವನು ಆಚೆಮನೆಯ ಹುಡುಗನಿಗೆ ಪಾಸ್‌ವರ್ಡ್ ಬರೆದುಕೊಟ್ಟು ಬರುತ್ತೇನೆ ಅಂದಿದ್ದಾನೆ. ಕುಂದಾಪುರದವನು ಅಣ್ಣನನ್ನು ಕರೆದುಕೊಂಡು ಅಮ್ಮನ ಹತ್ತಿರ ಹೋಗಬೇಕು. ಅಣ್ಣ ಇನ್ನೂ ಒಪ್ಪಿಲ್ಲ.