ಎಣಿಸಿ ಬಡಿಸುವ ಊರು

ಮುಂಬಯಿಗೆ ಹೋಗಿಬಂದೆ ಎಂದರೆ ನಮ್ಮ ಕಡೆ ಕೇಳುವ ಪ್ರಶ್ನೆಗಳು ಎರಡೇ. ಸಮುದ್ರ ನೋಡಿದಿರಾ? ಶಾರುಖ್ ಖಾನನ ಮನೆ ನೋಡಿದಿರಾ? ಸಮುದ್ರವನ್ನು ಕಣ್ತುಂಬ ನೋಡಿದೆವು. ಎರಡನೆಯದರ ಗೇಟನ್ನು ಮಾತ್ರ ನೋಡಿದೆವು. ಆದರೆ ನಾನು ಸ್ಟಾಫ್ ರೂಮಿನಲ್ಲಿ ಕೂತು ಹೇಳತೊಡಗಿದ್ದು ಊಟದ ಚೀಟಿಯ ವಿಷಯ, ಡಬ್ಬಿಯ ಮುಚ್ಚಳದ ವಿಷಯ, ಹಪ್ಪಳ ಒಣಗಿಸಿದ ಮಂಚದ ವಿಷಯ. ಕೇಳುತ್ತಿದ್ದವರಿಗೆ ಸ್ವಲ್ಪ ನಿರಾಸೆಯಾಗಿರಬೇಕು. ನನಗೇನು ಗೊತ್ತಿತ್ತು, ಪ್ರವಾಸಕ್ಕೆಂದು ಹೋದವರು ಅಂಗಡಿ ಲೆಕ್ಕ ಕಲಿತು ಬರುತ್ತೇವೆಂದು?

ಇದಕ್ಕೆ ಕಾರಣ ಜೊತೆಗೆ ಬಂದಿದ್ದ ನನ್ನ ತಂಗಿ. ಭಾವ, ಅಂದರೆ ಅವಳ ಗಂಡ, ತೀರಿಕೊಂಡು ಆರು ವರ್ಷವಾಯಿತು. ಎರಡು ಮಕ್ಕಳ ತಾಯಿ; ಓದಿದ್ದು ಪಿ.ಯು.ಸಿ. ಕೈಯಲ್ಲಿ ಅಡುಗೆಯ ರುಚಿ ಇತ್ತು. ದಾವಣಗೆರೆಯಲ್ಲಿ ಕಾಲೇಜುಗಳಿಗೇನು ಬರವಿಲ್ಲವಲ್ಲ, ಹಾಸ್ಟೆಲಿನ ಅನ್ನ ಬೇಡವೆನ್ನುವ ಹುಡುಗರಿಗಾಗಿ ಮೆಸ್ಸು ತೆರೆದಳು. ನಲವತ್ತೆರಡು ಹುಡುಗರು, ಎರಡು ಹೊತ್ತಿನ ಊಟ, ತಿಂಗಳಿಗೆ 3000 ರೂಪಾಯಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದರೆ ರಾತ್ರಿ ಹನ್ನೊಂದಕ್ಕೆ ಮಲಗುವುದು. ಊರಲ್ಲೆಲ್ಲ ಅವಳ ಸಾರಿನ ಮಾತು. ಕೈಯಲ್ಲಿ ಮಾತ್ರ ದುಡ್ಡು ನಿಲ್ಲುತ್ತಿರಲಿಲ್ಲ. ಗಂಡನ ವಿಮೆಯ ಹಣ ಬ್ಯಾಂಕಿನಲ್ಲಿ ಕರಗುತ್ತಾ ಬಂದಿತ್ತು. ಅದು ಮಕ್ಕಳ ಫೀಸಿಗೆ ಹೋಗುತ್ತಿದೆ ಎಂದು ಅವಳ ನಂಬಿಕೆ.

ಈಗ ಪಕ್ಕದ ಹಾಲು ಖಾಲಿಯಾಗಿತ್ತು. ಅದನ್ನೂ ಬಾಡಿಗೆಗೆ ಹಿಡಿದರೆ ಇನ್ನೂ ಇಪ್ಪತ್ತು ಹುಡುಗರನ್ನು ಕೂರಿಸಬಹುದು, ಆಗ ಎಲ್ಲಾ ಸರಿಹೋಗುತ್ತದೆ ಎಂಬುದು ಅವಳ ಯೋಚನೆ. ಮುಂಗಡಕ್ಕೂ ಮೇಜು ಬೆಂಚಿಗೂ ಎರಡು ಲಕ್ಷ ಬೇಕು. ನನ್ನ ಜಿ.ಪಿ.ಎಫ್.ನಿಂದ ತೆಗೆದುಕೊಡು ಎಂದು ಕೇಳಿದ್ದಳು. ನನಗೆ ನಿವೃತ್ತಿಗೆ ಎರಡು ವರ್ಷ. ನಮ್ಮವರು ಬೇಡವೆಂದು ಬಾಯಿಬಿಟ್ಟು ಹೇಳಲಿಲ್ಲ. ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಅದರ ಅರ್ಥ ಗೊತ್ತಾಗುತ್ತದೆ. ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ, ಹೀಗೆ ಇರುವಾಗ 2024ರ ಏಪ್ರಿಲ್ ಕೊನೆಗೆ ಡೊಂಬಿವಲಿಯಲ್ಲಿರುವ ನನ್ನ ಮಗ, ಚಿಕ್ಕಮ್ಮನನ್ನೂ ಕರೆದುಕೊಂಡು ಬಾ ಎಂದ. ಹುಡುಗರಿಗೆ ರಜೆ ಇತ್ತು. ಆರು ವರ್ಷದಲ್ಲಿ ಮೊದಲ ಬಾರಿಗೆ ಅವಳ ಒಲೆ ಒಂದು ವಾರ ತಣ್ಣಗಾಯಿತು.

ಮುಂಬಯಿಯ ಲೋಕಲ್ ರೈಲಿನ ಮಹಿಳಾ ಡಬ್ಬಿಯೇ ಒಂದು ನೋಟ. ಒಬ್ಬಳು ಬಟಾಣಿ ಸುಲಿಯುತ್ತಾಳೆ, ಒಬ್ಬಳು ಕೂತಲ್ಲೇ ನಿದ್ದೆ ಮಾಡುತ್ತಾಳೆ, ಇಳಿಯುವ ಸ್ಟೇಶನ್ನಿಗೆ ಸರಿಯಾಗಿ ಎಚ್ಚರವಾಗುತ್ತಾಳೆ. ಕ್ಲಿಪ್ಪು, ಓಲೆ ಮಾರುವ ಹುಡುಗಿ ಹತ್ತಿದಳು. ಅವಳು ಯಾರ ಕೈಗೂ ಒಂದೊಂದಾಗಿ ಕೊಡಲಿಲ್ಲ. ಓಲೆಯ ಅಟ್ಟೆಯನ್ನು ಇಡಿಯಾಗಿ ಮೊದಲ ಸೀಟಿನವಳಿಗೆ ಕೊಟ್ಟುಬಿಟ್ಟಳು. ಅದು ಕೈಯಿಂದ ಕೈಗೆ ಡಬ್ಬಿಯ ಆ ತುದಿಗೆ ಹೋಯಿತು. ಹಿಂದೆಯೇ ದುಡ್ಡೂ ಕೈಯಿಂದ ಕೈಗೆ ವಾಪಸು ಬಂತು. ನಾನು ಮಕ್ಕಳ ಪ್ರಾಮಾಣಿಕತೆಯ ಬಗ್ಗೆ ವರ್ಷವರ್ಷವೂ ಪಾಠ ಮಾಡುವವಳಾದ್ದರಿಂದ ನನಗೆ ಆ ನಂಬಿಕೆ ಕಂಡಿತು. ತಂಗಿಗೆ ಕಂಡದ್ದು ಬೇರೆ. "ಅಟ್ಟೇಲಿ ಎಷ್ಟು ಜೊತೆ ಇತ್ತು ಅಂತ ಅವಳಿಗೆ ಗೊತ್ತಿದೆ ನೋಡಕ್ಕಾ, ವಾಪಸು ಬಂದ ತಕ್ಷಣ ಖಾಲಿ ತೂತು ಎಣಿಸಿದಳು" ಎಂದಳು.

ಸೋಮವಾರ ಮಾಟುಂಗಕ್ಕೆ ಹೋದೆವು. ನಮ್ಮವರ ಊರೇ ಅದು ಎಂದರೂ ಸಲ್ಲುತ್ತದೆ. ಹೂವಿನಂಗಡಿಯವನು ಮಲ್ಲಿಗೆಗೆ ಕನ್ನಡದಲ್ಲೇ ಬೆಲೆ ಹೇಳಿದಾಗ ನನಗೆ ಚೌಕಾಸಿ ಮಾಡಲು ಮನಸ್ಸೇ ಬರಲಿಲ್ಲ. ಆದರೆ ಊಟಕ್ಕೆಂದು ಮಗ ಹೇಳಿ ಕರೆತಂದ ಹೋಟೆಲಿಗೆ ಬೀಗ. ಅಲ್ಲಿನ ಹಳೆಯ ಹೋಟೆಲುಗಳಲ್ಲಿ ಕೆಲವು ಸೋಮವಾರ ತೆರೆಯುವುದೇ ಇಲ್ಲ. ತಂಗಿ ಆ ಬೀಗದ ಮುಂದೆ ಒಂದು ನಿಮಿಷ ನಿಂತಳು. "ಇಷ್ಟು ಜನ ಊಟಕ್ಕೆ ಬರುವಾಗ ಬಾಗಿಲು ಹಾಕ್ತಾರಾ?" ಎಂದು ಕೇಳಿದಳು. "ಹಾಕಿಕೊಂಡೇ ಎಂಬತ್ತು ವರ್ಷ ನಡೆಸಿದ್ದಾರಲ್ಲ ಚಿಕ್ಕಮ್ಮಾ" ಎಂದ ಮಗ. ಅವಳ ಮೆಸ್ಸಿನಲ್ಲಿ ಭಾನುವಾರ ಸಂಜೆ ಒಲೆ ಹಚ್ಚಿದರೆ ಹತ್ತು ಹನ್ನೆರಡು ಹುಡುಗರು ಬರುತ್ತಾರೆ. ಉಳಿದವರು ಸಿನಿಮಾಕ್ಕೆ. ಮಿಕ್ಕ ಅನ್ನ ಬೀದಿಯ ಹಸುವಿಗೆ.

ಮರುದಿನ ಮತ್ತೆ ಹೋದೆವು, ಮಾಟುಂಗ ಸ್ಟೇಶನ್ನಿನ ಎದುರಿಗೆ ಮಹಡಿಯ ಮೇಲಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ. ಕರಾವಳಿಯಿಂದ ಚಿಕ್ಕ ವಯಸ್ಸಿನಲ್ಲೇ ಬಂದು ಅಡುಗೆಮನೆಗಳಲ್ಲಿ ದುಡಿದು ಬೆಳೆದ ರಾಮ ನಾಯಕರು 1942ರಲ್ಲಿ ಕಟ್ಟಿದ ಊಟದ ಮನೆ ಅದು. ಮೊದಲು ದುಡ್ಡು ಕೊಟ್ಟು ಚೀಟಿ ಕೊಳ್ಳಬೇಕು. ಬಾಳೆ ಎಲೆಯ ಪೂರ್ತಿ ಊಟಕ್ಕೆ ಒಂದು ದರ, ತಟ್ಟೆಯ ಮಿತ ಊಟಕ್ಕೆ ಇನ್ನೊಂದು. ಸರದಿ ಬರುವವರೆಗೆ ಕಾಯಬೇಕು. ತಂಗಿಯ ಮುಖ ಚಿಕ್ಕದಾಯಿತು. ದರ್ಶಿನಿಯಲ್ಲಿ ಕಾಫಿಗೆ ಟೋಕನ್ ತೆಗೆದುಕೊಳ್ಳುವುದು ಬೇರೆ, ಎಲೆ ಹಾಕಿ ಕೂರಿಸಿ ಬಡಿಸುವ ಊಟಕ್ಕೆ ಮೊದಲೇ ದುಡ್ಡೆ? ನಮ್ಮ ಅಮ್ಮ ಇದ್ದಿದ್ದರೆ ಎದ್ದು ಹೋಗುತ್ತಿದ್ದರು.

ಆದರೆ ಎಲೆಯ ಮುಂದೆ ಕೂತ ಮೇಲೆ ಆ ಮುಜುಗರ ಎಲ್ಲಿ ಹೋಯಿತೋ! ಪೂರಿ ಬಂತು, ಪಲ್ಯ ಬಂತು, ಅನ್ನ ಬಂತು, ಸಾರು ಬಂತು. ಬಡಿಸುವವನು ಮತ್ತೆ ಬಂದ, ಮತ್ತೆ ಬಂದ. ಸಾಕೆಂದು ಕೈ ಅಡ್ಡ ಹಿಡಿಯಬೇಕಾಯಿತು. ನಮ್ಮ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಗುಜರಾತಿ ದಂಪತಿ ತಮ್ಮ ಮನೆಯಲ್ಲೇ ಕೂತಂತೆ ನಿಧಾನವಾಗಿ ಉಣ್ಣುತ್ತಿದ್ದರು. ಲೆಕ್ಕವೆಲ್ಲ ಬಾಗಿಲ ಬಳಿಯೇ ಮುಗಿದುಹೋಗಿತ್ತು. ಎಲೆಯ ಬಳಿ ಉಳಿದದ್ದು ಉಪಚಾರ ಮಾತ್ರ. ತಂಗಿಯ ಮೆಸ್ಸಿನಲ್ಲಿ ಇದು ತಿರುಗುಮುರುಗು. ಬಾಗಿಲ ಬಳಿ ದಾಕ್ಷಿಣ್ಯ; ತಿಂಗಳ ಕೊನೆಗೆ ಬಾಕಿ ಕೇಳಬೇಕಾದಾಗ ಸಂಕಟ. ಮೂರು ತಿಂಗಳ ದುಡ್ಡು ಕೊಡದೆ ಹೊರಟುಹೋದ ಹುಡುಗನ ಬಗ್ಗೆ ಕೇಳಿದರೆ, "ಪಾಪ, ಅವನ ತಾಯಿಗೆ ಹುಷಾರಿರಲಿಲ್ಲವಂತೆ" ಎನ್ನುತ್ತಿದ್ದಳು. ಅನ್ನವನ್ನು ಎಣಿಸಬಾರದು ಎಂದು ಕಲಿತು ಬೆಳೆದವರು ನಾವು. ಅಕ್ಕಿ ಅಳೆಯುವಾಗ ಎರಡನೆಯ ಸೇರಿಗೆ "ಎರಡು" ಎನ್ನದೆ ಹಿಡಿ ಹೆಚ್ಚು ಹಾಕುವ ಕೈ ನಮ್ಮದು. ಆ ಹಿಡಿ ಯಾರದೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಯಾವಾಗಲೂ ಬಡಿಸುವವಳದೇ.

ಗೇಟ್‌ವೇ ಆಫ್ ಇಂಡಿಯಾ ನೋಡಿದೆವು, 1924ರಲ್ಲಿ ಮುಗಿದ ಕಟ್ಟಡ, ಪಾರಿವಾಳ, ಬಿಸಿಲು. ಎಲ್ಲರ ಕೈಯಲ್ಲೂ ಫೋನಿರುವ ಕಾಲದಲ್ಲಿ ಅಲ್ಲಿನ ಫೋಟೋದವರು ಹೇಗೆ ಬದುಕುತ್ತಾರೋ ಎಂದುಕೊಂಡೆ. ಒಬ್ಬ ನಮ್ಮ ಹತ್ತಿರ ಬಂದು, ಮಗನ ಕಡೆ ನೋಡಲೂ ಇಲ್ಲ, ಸೀದಾ ನನಗೇ ಹೇಳಿದ: "ಗೋಡೆಗೆ ಹಾಕೋ ಫೋಟೋ ಫೋನಿನಲ್ಲಿ ಆಗಲ್ಲ ಅಮ್ಮಾ." ಹಿಂದಿಯಲ್ಲೇ ಹೇಳಿದ್ದು, ನನಗೂ ಅಷ್ಟು ಹಿಂದಿ ಬರುತ್ತದೆ. ತೆಗೆಸಿಕೊಂಡೆವು. ಈಗ ಗೋಡೆಯಲ್ಲಿದೆ.

ಚರ್ಚ್‌ಗೇಟ್ ಸ್ಟೇಶನ್ನಿನ ಹೊರಗೆ ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ಡಬ್ಬಾವಾಲರನ್ನು ನೋಡಲೇಬೇಕೆಂದು ಹಟಹಿಡಿದವಳು ನಾನು. ಏಳನೆಯ ತರಗತಿಯ ಮಕ್ಕಳಿಗೆ ಇವರ ವಿಷಯ ಹೇಳಿ ಹೇಳಿ ಅಭ್ಯಾಸ. 1890ರ ಸುಮಾರಿಗೆ ಮಹಾದೇವ ಹಾವಜಿ ಬಚ್ಚೆ ಎಂಬವರು ನೂರು ಜನರೊಂದಿಗೆ ಆರಂಭಿಸಿದ ಕೆಲಸವಿದು. ಮನೆಯ ಊಟವನ್ನು ಕಚೇರಿಗೆ ತಲುಪಿಸುವುದು, ಖಾಲಿ ಡಬ್ಬಿಯನ್ನು ಸಂಜೆಯೊಳಗೆ ಮನೆಗೆ ಮುಟ್ಟಿಸುವುದು, ಅಷ್ಟೇ. 2003ರಲ್ಲಿ ಇಂಗ್ಲೆಂಡಿನ ಯುವರಾಜರಾಗಿದ್ದ ಚಾರ್ಲ್ಸ್ ಇದೇ ಚರ್ಚ್‌ಗೇಟಿಗೆ ಬಂದು ಇವರನ್ನು ಕಂಡಿದ್ದರು. 2020ರ ಲಾಕ್‌ಡೌನಿನಲ್ಲಿ ಕಚೇರಿಗಳು ಮುಚ್ಚಿದಾಗ ಬಹಳ ಮಂದಿ ಊರು ಸೇರಿದರು. ಮೊದಲಿನಷ್ಟು ಜನ ಈಗಿಲ್ಲ. ಆದರೂ ಬಿಳಿ ಟೋಪಿಯವರು ಬಂದರು. ಡಬ್ಬಿಗಳನ್ನು ನೆಲದ ಮೇಲೆ ಹರಡಿದರು, ವಿಂಗಡಿಸಿದರು, ಸೈಕಲ್ಲಿಗೆ ತೂಗುಹಾಕಿ ಹೊರಟರು. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ನಾಲ್ಕಾರು ಅಕ್ಷರ, ಅಂಕೆ: ಯಾವ ಸ್ಟೇಶನ್ನಿಂದ ಬಂತು, ಎಲ್ಲಿ ಇಳಿಯಬೇಕು, ಯಾವ ಕಟ್ಟಡ, ಎಷ್ಟನೆಯ ಮಹಡಿ. ಡಬ್ಬಿಯಲ್ಲಿ ಏನಿದೆ, ಯಾರ ಹೆಂಡತಿ ಕಟ್ಟಿದ್ದು ಎಂದು ಯಾರಿಗೂ ಬೇಕಿಲ್ಲ. ಹುಡುಗರಲ್ಲಿ ಯಾರಿಗೆ ಬದನೆಕಾಯಿ ಆಗದು, ಯಾರಿಗೆ ಸಾರಿಗೆ ಬೆಳ್ಳುಳ್ಳಿ ಬೇಡ, ಯಾರಿಗೆ ರಾತ್ರಿ ಚಪಾತಿಯೇ ಬೇಕು, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ದಿನಕ್ಕೆ ಮೂರು ಪಲ್ಯ ಮಾಡುವ ನನ್ನ ತಂಗಿ ಆ ಮುಚ್ಚಳಗಳನ್ನೇ ದಿಟ್ಟಿಸಿದಳು.

ಅವಳನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಮಾತ್ರ ನಾವು ನೋಡದೇ ಇದ್ದ ಒಂದು ಮಂಚ. ಭುಲೇಶ್ವರದ ಗಲ್ಲಿಗಳಲ್ಲಿ ಸ್ಟೀಲಿನ ಪಾತ್ರೆ ನೋಡುತ್ತಾ ಅಲೆಯುವಾಗ ಲಿಜ್ಜತ್ ಹಪ್ಪಳದ ಕಥೆ ಹೇಳಿದೆ. 1959ರ ಮಾರ್ಚ್ 15ರಂದು ಅಲ್ಲೇ ಹತ್ತಿರದ ಗಿರಗಾಂವಿನಲ್ಲಿ ಏಳು ಗುಜರಾತಿ ಹೆಂಗಸರು ತಾವಿದ್ದ ಕಟ್ಟಡದ ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಬಂಡವಾಳ 80 ರೂಪಾಯಿ, ಅದೂ ಸಾಲ. ಮೊದಲ ದಿನದ ನಾಲ್ಕು ಪೊಟ್ಟಣ ಭುಲೇಶ್ವರದ ಒಬ್ಬ ವ್ಯಾಪಾರಿಗೆ ಹೋದವು. ದಾನ ಬೇಡ, ನಷ್ಟವಾದರೂ ಯಾರ ಮುಂದೆಯೂ ಕೈ ಒಡ್ಡುವುದಿಲ್ಲ ಎಂದು ಆಗಲೇ ನಿರ್ಧರಿಸಿದ್ದರಂತೆ. ಅವರಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಇಷ್ಟು ಹೇಳುವಷ್ಟರಲ್ಲಿ ತಂಗಿ ಅರ್ಧ ಕೇಳುತ್ತಾ ಅರ್ಧ ಸೌಟುಗಳ ತೂಕ ನೋಡುತ್ತಾ ಇದ್ದಳು. ಮೊದಲ ವರ್ಷ ಮಳೆಗಾಲದ ನಾಲ್ಕು ತಿಂಗಳು ಹಪ್ಪಳ ಒಣಗದೆ ಕೆಲಸ ನಿಂತುಹೋಯಿತು, ಮರುವರ್ಷ ಅವರು ಒಂದು ಮಂಚ, ಒಂದು ಸ್ಟೌ ಕೊಂಡರು, ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೌ ಎಂದಾಗ ಸೌಟು ಕೆಳಗಿಟ್ಟಳು.

"ದೊಡ್ಡ ಜಾಗ ತಗೊಳ್ಳಲಿಲ್ಲವಾ?"

"ಇಲ್ಲ ಕಣೇ. ಮಂಚ, ಸ್ಟೌ. ಅಷ್ಟೇ."

ಆಮೇಲೆ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಗಲ್ಲಿಯ ಗದ್ದಲದಲ್ಲಿ ಅದು ಗೊತ್ತಾಗಲೂ ಇಲ್ಲ.

ವಾಪಸು ಬರುವ ರೈಲಿನಲ್ಲಿ ಮಗ ಬರೆದುಕೊಟ್ಟಿದ್ದ ವಿಳಾಸದ ಹಾಳೆಯ ಹಿಂಬದಿಗೆ ಪೆನ್ನು ಕೇಳಿದಳು. ನಾನು ಲೆಕ್ಕದ ಟೀಚರಲ್ಲ, ಸಮಾಜ ವಿಜ್ಞಾನದವಳು. ಕೂಡುವ ಕಳೆಯುವ ಕೆಲಸವನ್ನು ಅವಳೇ ಮಾಡಿದಳು. ಅಕ್ಕಿ, ಬೇಳೆ, ತರಕಾರಿ, ಎಣ್ಣೆ, ಮೊಸರು, ಗ್ಯಾಸು ಸೇರಿ ಒಂದು ಊಟಕ್ಕೆ 44 ರೂಪಾಯಿ. ಬಾಡಿಗೆಯನ್ನೂ ಇಬ್ಬರು ಹೆಂಗಸರ ಸಂಬಳವನ್ನೂ ಹಂಚಿದರೆ ಮತ್ತೆ 10 ರೂಪಾಯಿಯ ಮೇಲೆ. ಒಟ್ಟು 54. ತಿಂಗಳಿಗೆ 3000 ಎಂದರೆ ಅರವತ್ತು ಊಟ, ಊಟಕ್ಕೆ 50. ಹಾಲು ಹಿಡಿದು ಇಪ್ಪತ್ತು ಹುಡುಗರು ಹೆಚ್ಚಾದರೆ? ಹಾಲಿನ ಬಾಡಿಗೆ, ಇನ್ನೊಬ್ಬ ಹೆಂಗಸಿನ ಸಂಬಳ ಸೇರಿಸಿ ಮತ್ತೆ ಕೂಡಿದಳು. ಊಟಕ್ಕೆ ಒಂದು ರೂಪಾಯಿ ಹೆಚ್ಚೇ ಬಂತು. ಇನ್ನೊಮ್ಮೆ ಕೂಡಿದಳು. ಅಷ್ಟೇ ಬಂತು.

ವಿಮೆಯ ದುಡ್ಡು ಎಲ್ಲಿ ಹೋಗುತ್ತಿತ್ತೆಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ಕೂತಳು. ಆಗ ನಾನು ಒಂದೇ ಪ್ರಶ್ನೆ ಕೇಳಿದೆ. "ಇದರಲ್ಲಿ ನಿನ್ನ ಸಂಬಳ ಎಲ್ಲಿದೆ?"

"ನನಗೆಂಥ ಸಂಬಳ ಅಕ್ಕಾ" ಎಂದು ನಕ್ಕಳು.

ಹೆಣ್ಣುಮಕ್ಕಳ ದುಡಿಮೆಗೆ ಬೆಲೆ ಕಟ್ಟುವುದಿಲ್ಲ ಎಂದು ನಾವು ಸಮಾಜವನ್ನು ದೂರುತ್ತೇವೆ. ಮಾರ್ಚ್ ಎಂಟರಂದು ನಾನೂ ಶಾಲೆಯಲ್ಲಿ ಭಾಷಣ ಮಾಡಿದ್ದೇನೆ. ಇಲ್ಲಿ ನೋಡಿದರೆ ಪಾತ್ರೆ ತೊಳೆಯುವ ಇಬ್ಬರಿಗೂ ಸಂಬಳದ ಲೆಕ್ಕವಿದೆ, ಹದಿನೆಂಟು ಗಂಟೆ ನಿಂತು ದುಡಿಯುವ ಯಜಮಾನತಿಗೆ ಒಂದು ಸಾಲೂ ಇಲ್ಲ. ಆ ಸಾಲನ್ನು ಬಿಟ್ಟವರು ಯಾರೋ ಗಂಡಸರಲ್ಲ.

ಎರಡು ಲಕ್ಷದ ಮಾತು ಅವಳೇ ಮತ್ತೆ ಎತ್ತಲಿಲ್ಲ. ನಾನು ಹಳೆಯ ಗ್ರೈಂಡರಿನ ಬದಲು ಹೊಸದು ಕೊಳ್ಳಲು 30,000 ಕೊಟ್ಟೆ. ಅದನ್ನು ಸಾಲವೆಂದೇ ಬರೆದುಕೊಂಡಳು. ನಮ್ಮವರು ಪೇಪರನ್ನು ಮುಖದಿಂದ ಇಳಿಸಿದರು. ಜೂನಿನಲ್ಲಿ ಕಾಲೇಜು ತೆರೆದಾಗ ಮೆಸ್ಸಿನ ಗೋಡೆಗೆ ಒಂದು ಹಾಳೆ ಅಂಟಿತ್ತು. ತಿಂಗಳಿಗೆ 3500, ಐದನೆಯ ತಾರೀಖಿನೊಳಗೆ ಮುಂಗಡ. ಭಾನುವಾರ ರಾತ್ರಿ ಊಟವಿಲ್ಲ. ದಿನಕ್ಕೆ ಒಂದೇ ಪಲ್ಯ. ಅನ್ನ, ಸಾರು ಬೇಕಾದಷ್ಟು. ಕೊನೆಯ ಸಾಲನ್ನು ಮಾತ್ರ ದೊಡ್ಡದಾಗಿ ಬರೆದಿದ್ದಳು.

ಏಳು ಹುಡುಗರು ಬಿಟ್ಟುಹೋದರು. ಅಂದು ರಾತ್ರಿ ಫೋನಿನಲ್ಲಿ ಅವಳ ದನಿ ಕೇಳಿ ನನಗೆ ನಿದ್ದೆ ಬರಲಿಲ್ಲ. ವಾರ ಕಳೆಯುವುದರೊಳಗೆ ಮೂವರು ವಾಪಸು ಬಂದರು. ಬದನೆಕಾಯಿ ಆಗದವನೂ ಬಂದ. ಮೂವತ್ತೆಂಟಕ್ಕೆ ನಿಂತಿದೆ. ತಾಯಿಯಿಲ್ಲದ ಒಬ್ಬ ಹುಡುಗನಿಂದ ಈಗಲೂ ಅರ್ಧ ದುಡ್ಡೇ ತೆಗೆದುಕೊಳ್ಳುತ್ತಾಳೆ. ಬೇಡವೆಂದು ನಾನೂ ಹೇಳಲಿಲ್ಲ. ಅದನ್ನೂ ಪುಸ್ತಕದಲ್ಲಿ ಬರೆಯುತ್ತಾಳಲ್ಲ.

ಜುಲೈಯಲ್ಲಿ ಹೋದಾಗ ಆ ಪುಸ್ತಕ ತೆರೆದು ತೋರಿಸಿದಳು. ಗ್ಯಾಸಿನ ಸಾಲು, ಬಾಡಿಗೆಯ ಸಾಲು, ಇಬ್ಬರು ಹೆಂಗಸರ ಹೆಸರಿನ ಸಾಲು, ಎಲ್ಲವೂ ನೀಲಿ ಪೆನ್ನಿನಲ್ಲಿ. ಕೆಳಗೆ ಪೆನ್ಸಿಲಿನಲ್ಲಿ, ಮಸುಕಾಗಿ: ನನಗೆ, 8000.

"ಇದನ್ನೂ ಪೆನ್ನಿನಲ್ಲೇ ಬರೆಯಬಾರದೇನೇ?" ಎಂದೆ.

"ಇನ್ನೊಂದು ತಿಂಗಳು ನೋಡ್ತೀನಿ ಇರಕ್ಕಾ" ಎಂದು ಪುಸ್ತಕ ಮುಚ್ಚಿ ಒಲೆಯ ಕಡೆ ಹೋದಳು.